ಗಾಳಿಯ ಲೆಕ್ಕ

ಮಲೆನಾಡಿನ ತೋಟದ ಮನೆಗಳಲ್ಲಿ ಜೀಪಿಗೆ ಸಿಗುವ ಮರ್ಯಾದೆ ಅಳಿಯನಿಗೂ ಸಿಗುವುದಿಲ್ಲ ಎಂದರೆ ತಪ್ಪಾಗಲಾರದು. ಅಳಿಯ ವರ್ಷಕ್ಕೆರಡು ಸಲ ಬಂದು ಹೋಗುವವನು. ಜೀಪು ದಿನವೂ ಬೇಕು. ಗೊಬ್ಬರದ ಚೀಲ, ಮೆಣಸಿನ ಮೂಟೆ, ಶಾಲೆಗೆ ಹೋಗುವ ಮಕ್ಕಳು, ಹುಷಾರಿಲ್ಲದ ಅಜ್ಜಿ, ದೀಪಾವಳಿಗೆ ಬರುವ ನೆಂಟರು ಎಲ್ಲರಿಗೂ ಅದೇ ಗತಿ. ಅದರ ಎಂಜಿನ್ನಿಗೆ ಆಯಿಲ್, ಬ್ರೇಕಿಗೆ ರಿಪೇರಿ, ಮೇಲಿನ ಟಾರ್ಪಾಲಿಗೆ ಹೊಲಿಗೆ ಎಲ್ಲವೂ ಕಾಲಕಾಲಕ್ಕೆ ನಡೆಯುತ್ತದೆ. ಆದರೆ ಜೀಪು ನಿಂತಿರುವುದು ಯಾವುದರ ಮೇಲೆ ಎಂದು ಕೇಳಿದರೆ 'ಟೈರಿನ ಮೇಲೆ' ಎನ್ನುತ್ತಾರೆಯೇ ಹೊರತು 'ಗಾಳಿಯ ಮೇಲೆ' ಎನ್ನುವವರು ಯಾರೂ ಇಲ್ಲ. ಪುಕ್ಕಟೆ ಸಿಗುವ ವಸ್ತುವಿನ ಬಗ್ಗೆ ಯೋಚನೆ ಮಾಡುವ ಅಭ್ಯಾಸ ಮನುಷ್ಯನಿಗೆ ಇಲ್ಲ.

ಮೂಡಿಗೆರೆ ಕಡೆಯ ಗೌಡರೊಬ್ಬರಿಗೂ ಇರಲಿಲ್ಲ. ಏಳೆಕರೆ ಕಾಫಿ, ನಡುವೆ ಮೆಣಸು, ಕೆಳಗೆ ಒಂದಿಷ್ಟು ಗದ್ದೆ. ಮನೆಯಿಂದ ಡಾಂಬರು ರಸ್ತೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಬೇಸಿಗೆಯಲ್ಲಿ ಅದು ದಾರಿ. ಆರಿದ್ರಾ ಮಳೆ ಹಿಡಿದ ಮೇಲೆ ಅದು ಹಳ್ಳಕ್ಕೂ ದಾರಿಗೂ ನಡುವಿನ ಏನೋ ಒಂದು. ಅಲ್ಲೊಂದು ಏರು ಇದೆ. ಕೆಳಗೆ ಜೇಡಿಮಣ್ಣು, ಮೇಲೆ ಉರುಟು ಕಲ್ಲು. ಗೌಡರ ಜೀಪು ಇಪ್ಪತ್ತು ವರ್ಷಗಳಿಂದ ಆ ಏರನ್ನು ಹತ್ತುತ್ತಲೇ ಇತ್ತು. ಹತ್ತದಿದ್ದ ದಿನ ಟೈರಿಗೆ ಚೈನು ಸುತ್ತಿದರೆ ಹತ್ತುತ್ತಿತ್ತು.

2022ರ ಪುಷ್ಯ ಮಳೆಯ ಒಂದು ರಾತ್ರಿ ಮಾತ್ರ ಹತ್ತಲಿಲ್ಲ. ತೋಟದ ಲೈನ್ ಮನೆಯ ಹೆಂಗಸಿಗೆ ದಿನ ತುಂಬುವ ಮೊದಲೇ ಹೊಟ್ಟೆನೋವು ಕಾಣಿಸಿಕೊಂಡಿತ್ತು. ಹಿಂದಿನ ಸೀಟಿನಲ್ಲಿ ಅವಳು, ಅವಳ ಅತ್ತೆ, ಗೌಡರ ಹೆಂಡತಿ. ಏರಿನ ಅರ್ಧಕ್ಕೆ ಹೋದ ಜೀಪು ಅಲ್ಲಿಯೇ ನಿಂತು ಚಕ್ರ ತಿರುಗಿಸತೊಡಗಿತು. ಚೈನು ತುಂಡಾಗಿ ಮಡ್‌ಗಾರ್ಡಿಗೆ ಬಡಿಯಿತು. ಗೌಡರು ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. ಕೊನೆಗೆ ನಾಲ್ಕು ಜನ ಸೇರಿ ಪ್ಲಾಸ್ಟಿಕ್ ಕುರ್ಚಿಗೆ ಬಿದಿರು ಕಟ್ಟಿ, ಮೇಲೆ ಕೊಪ್ಪೆ ಹೊದಿಸಿ, ಅವಳನ್ನು ಡಾಂಬರು ರಸ್ತೆಯವರೆಗೆ ಹೊತ್ತುಕೊಂಡು ಹೋದರು. ಅಲ್ಲಿಂದ ಒಂದು ಪಿಕಪ್ಪು ಸಿಕ್ಕಿತು. ಬೆಳಗಾಗುವ ಮೊದಲು ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ.

ಯಾರೂ ಗೌಡರನ್ನು ಏನೂ ಅನ್ನಲಿಲ್ಲ. ಆ ಹೆಂಗಸಿನ ಗಂಡನಂತೂ ಮರುದಿನ ಕೆಲಸಕ್ಕೆ ಬಂದು, ಹುಗಿದು ನಿಂತಿದ್ದ ಜೀಪನ್ನು ಎಳೆಯಲು ಹಗ್ಗ ಹಿಡಿದ. ಯಾರಾದರೂ ಏನಾದರೂ ಅಂದಿದ್ದರೆ ಗೌಡರಿಗೆ ಹಗುರವಾಗುತ್ತಿತ್ತೋ ಏನೋ.

ಆ ವಾರ ಜೀಪಿನ ಟೈರು ಹೊತ್ತು ಪೇಟೆಯ ಪಂಕ್ಚರ್ ಅಂಗಡಿಗೆ ಹೋದಾಗ ಸಾಬರು ಎಲ್ಲ ಕೇಳಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಗಾಳಿ ಇಳಿಸಲಿಲ್ವಾ ಗೌಡ್ರೆ?"

"ಇಳಿಸೋದು ಇಳಿಸಬಹುದು ಮಾರಾಯ್ರೆ. ಮತ್ತೆ ತುಂಬೋದು ಯಾರು? ನಿಮ್ಮ ಅಂಗಡಿ ಹದಿನಾಲ್ಕು ಕಿಲೋಮೀಟರ್ ದೂರ ಇದೆ."

ಸಾಬರು ನಕ್ಕರು. ಗೌಡರು ನಗಲಿಲ್ಲ. ಮಾತು ಬಾಯಿಂದ ಬಂದ ಮೇಲೆ ಅವರಿಗೇ ತಿಳಿಯಿತು: ಆ ರಾತ್ರಿ ಗಾಳಿ ಇಳಿಸುವ ಯೋಚನೆ ಬಂದಿತ್ತು, ಮರಳಿ ತುಂಬುವ ಕಷ್ಟ ನೆನಪಾಗಿ ಕೈ ಹಿಂದೆ ಸರಿದಿತ್ತು.

ಗಾಳಿ ಇಳಿಸಿದರೆ ಏನಾಗುತ್ತದೆ ಎಂಬುದು ಹೈಸ್ಕೂಲಿನ ಲೆಕ್ಕ. ಜನ, ಸಾಮಾನು ಸೇರಿ ಜೀಪು 1,500 ಕಿಲೋ ತೂಗುತ್ತದೆ ಎಂದಿಟ್ಟುಕೊಂಡರೆ ಒಂದೊಂದು ಚಕ್ರದ ಮೇಲೆ ಸುಮಾರು 375 ಕಿಲೋ. ಟೈರಿನಲ್ಲಿ 30 ಪೌಂಡು, ಅಂದರೆ ಒಂದು ಚದರ ಅಂಗುಲಕ್ಕೆ 30 ಪೌಂಡಿನ ಒತ್ತಡ ಇದ್ದರೆ, ಅದು ಚದರ ಸೆಂಟಿಮೀಟರಿಗೆ 2.1 ಕಿಲೋದಷ್ಟಾಯಿತು. ಅಷ್ಟು ಭಾರ ಹೊರಲು ಟೈರು ನೆಲಕ್ಕೆ ಊರಬೇಕಾದ ಜಾಗ ಸುಮಾರು 180 ಚದರ ಸೆಂಟಿಮೀಟರ್, ಒಂದು ಪೋಸ್ಟ್ ಕಾರ್ಡಿಗಿಂತ ಸ್ವಲ್ಪ ಹೆಚ್ಚು. ಅದನ್ನೇ 18 ಪೌಂಡಿಗೆ ಇಳಿಸಿದರೆ ಜಾಗ 300 ಚದರ ಸೆಂಟಿಮೀಟರಿನ ಹತ್ತಿರ ಬರುತ್ತದೆ. ಟೈರಿನ ಪಕ್ಕದ ಗೋಡೆಯೂ ಒಂದಿಷ್ಟು ಭಾರ ಹೊರುವುದರಿಂದ ಲೆಕ್ಕ ಕರಾರುವಾಕ್ಕಲ್ಲ. ಆದರೆ ದಿಕ್ಕು ಸರಿ. ಉಬ್ಬಿದ ಟೈರು ಕಲ್ಲಿನ ಮೇಲೆ ಚೆಂಡಿನಂತೆ ಪುಟಿಯುತ್ತದೆ. ಸಡಿಲ ಬಿಟ್ಟ ಟೈರು ಕಲ್ಲನ್ನು ಅಂಗೈಯಂತೆ ಹಿಡಿಯುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಅದು ಮರೆತುಹೋಗಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ ಕುಲುಕದಿರಲೆಂದು ಮತ್ತೆ ಕಂಡುಹಿಡಿದು 1888ರಲ್ಲಿ ಪೇಟೆಂಟ್ ಪಡೆದ. ಮಗನ ಬೆನ್ನು ನೋಯಬಾರದೆಂಬ ಅಪ್ಪನ ಕಾಳಜಿಯಿಂದ ಲೋಕಕ್ಕೇ ಉಪಕಾರವಾಯಿತು. ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ 1920ರ ದಶಕದ ಕೊನೆಯಿಂದ ಫೋರ್ಡ್ ಕಾರುಗಳಲ್ಲಿ ಈಜಿಪ್ಟ್ ಮತ್ತು ಲಿಬಿಯಾದ ಮರಳುಗಾಡು ಸುತ್ತುವಾಗ ಟೈರಿನ ಗಾಳಿ ಇಳಿಸಿಯೇ ಮರಳು ದಾಟುತ್ತಿದ್ದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಮಾಡಿದ, ನೀರಿನಲ್ಲೂ ನೆಲದಲ್ಲೂ ಓಡುವ 'ಡಕ್' ಎಂಬ ಲಾರಿಯಲ್ಲಿ ಡ್ರೈವರು ಕುಳಿತಲ್ಲಿಂದಲೇ ಟೈರಿನ ಗಾಳಿ ಹೆಚ್ಚು ಕಡಿಮೆ ಮಾಡುವ ಏರ್ಪಾಡಿತ್ತು.

ಆದರೆ ಇಳಿಸಿದ ಗಾಳಿಯಲ್ಲೇ ಡಾಂಬರು ರಸ್ತೆಯಲ್ಲಿ ವೇಗವಾಗಿ ಓಡಿಸುವಂತಿಲ್ಲ. ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಬಗ್ಗಿ ಎದ್ದು ಬಿಸಿಯಾಗುತ್ತವೆ. ಕೊನೆಗೆ ಟೈರು ಸಿಡಿಯಬಹುದು, ತಿರುವಿನಲ್ಲಿ ಗಾಡಿ ತೂರಾಡಬಹುದು. ಆದ್ದರಿಂದ ಇಳಿಸುವವನು ತುಂಬುವ ದಾರಿಯನ್ನೂ ಜೊತೆಯಲ್ಲಿಟ್ಟುಕೊಂಡಿರಬೇಕು. ಸಾಬರು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು: "ನಿಮ್ದು ಟ್ಯೂಬ್ ಇರೋ ಟೈರು. ಹದಿನೆಂಟಕ್ಕಿಂತ ಕೆಳಗೆ ಬೇಡ. ರಿಮ್ಮಿನ ಮೇಲೆ ಟೈರ್ ಜಾರಿದ್ರೆ ಟ್ಯೂಬಿನ ಮೌತ್ ಕಿತ್ತು ಬರುತ್ತೆ. ಮತ್ತೆ, ಗಾಳಿ ಇಳಿಸಿ ಚೈನ್ ಕಟ್ಟಬೇಡಿ, ಸಡಿಲ ಆಗುತ್ತೆ. ಎಲ್ಲಾ ಕೆಸರಿಗೂ ಇದೇ ಮದ್ದು ಅಂತಾನೂ ತಿಳೀಬೇಡಿ. ಅಡಿಯಲ್ಲಿ ಗಟ್ಟಿ ನೆಲ ಇದ್ರೆ ಸಪೂರ ಟೈರೇ ಕೊಯ್ದುಕೊಂಡು ಹೋಗುತ್ತೆ."

ಗೌಡರು ಆ ಮಳೆಗಾಲವಿಡೀ ಯೋಚಿಸಿ, ದಸರಾ ರಜೆಯ ಹೊತ್ತಿಗೆ ಒಂದು ಏರ್ ಕಂಪ್ರೆಸರ್ ತಂದರು. ಪೇಟೆಯ ಅಂಗಡಿಯಲ್ಲಿ ಬಣ್ಣದ ಪೆಟ್ಟಿಗೆ. ಅದರ ಮೇಲೆ ಕೋಳಿಮೊಟ್ಟೆ ಗಾತ್ರದ ಅಕ್ಷರದಲ್ಲಿ '150' ಎಂದು ಬರೆದಿತ್ತು. 30 ಪೌಂಡು ಬೇಕಾದಲ್ಲಿ 150 ಕೊಡುತ್ತದೆಂದರೆ ಇನ್ನೇನು ಬೇಕು ಎಂದು ಅವರ ಲೆಕ್ಕ. ಬೆಲೆಯೂ ಸೋವಿಯಾಗಿತ್ತು.

ಮಗಳು ರಜೆಗೆ ಮನೆಗೆ ಬಂದಿದ್ದಳು. ಎರಡನೇ ಪಿಯುಸಿ, ಸೈನ್ಸು, ಪೇಟೆಯಲ್ಲಿ ಹಾಸ್ಟೆಲು. ಮೊದಲನೇ ವರ್ಷದ ಫಿಸಿಕ್ಸಿನಲ್ಲಿ 42 ಅಂಕ ಬಂದಿದ್ದು ಆ ಮನೆಯಲ್ಲಿ ಮಾತಿಗೂ ಮೌನಕ್ಕೂ ಕಾರಣವಾಗಿತ್ತು. ಅವಳನ್ನು ಡಾಕ್ಟರ್ ಮಾಡಬೇಕೆಂಬುದು ಗೌಡರ ಹಳೆಯ ಆಸೆ. ಪುಷ್ಯ ಮಳೆಯ ಆ ರಾತ್ರಿಯ ಮೇಲಂತೂ ಅದು ಹಠವಾಗಿತ್ತು. ಪ್ರತಿ ಭಾನುವಾರ ಫೋನಿನಲ್ಲಿ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ 'ಟೆಸ್ಟಲ್ಲಿ ಎಷ್ಟು ಬಂತು?' ಎಂದು. ಒತ್ತಡ ಹಾಕದಿದ್ದರೆ ಮಕ್ಕಳು ಓದುವುದಿಲ್ಲ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಜನವರಿಯಿಂದ ಬೆಂಗಳೂರಿನಲ್ಲಿ ವಿಶೇಷ ಕೋಚಿಂಗ್‌ಗೆ ಸೇರಿಸುವುದೆಂದು ಹಣವನ್ನೂ ತೆಗೆದಿಟ್ಟಿದ್ದರು.

ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ ಮಗಳು, "ಅಪ್ಪ, ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತೆ ಅಂತ ಬರೆದೇ ಇಲ್ಲವಲ್ಲ?" ಎಂದಳು.

"ಗಾಳಿಗೆಂಥ ಲೀಟರು? ಹಾಲಾ ಅದು?" ಎಂದರು ಗೌಡರು.

ಅಂಗಳದಲ್ಲಿ ಪರೀಕ್ಷೆ ನಡೆಯಿತು. ಮನೆಮಂದಿ, ಕೆಲಸದವರು, ನಾಯಿ ಎಲ್ಲ ಸೇರಿದರು. ಗೌಡರು ನಾಲ್ಕೂ ಚಕ್ರವನ್ನು 18ಕ್ಕೆ ಇಳಿಸಿದರು. ಸಿಗರೇಟು ಲೈಟರಿನ ಸಾಕೆಟ್ಟು ಹಳೆ ಜೀಪಿಗೆ ಇರಲಿಲ್ಲ; ಎಲೆಕ್ಟ್ರಿಷಿಯನ್ನನಿಂದ ಒಂದನ್ನು ಕೂರಿಸಿದ್ದರು. ಯಂತ್ರ ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿತು. ಮೊದಲ ಚಕ್ರ ತುಂಬಲು ಆರು ನಿಮಿಷ, ಎರಡನೆಯದಕ್ಕೆ ಒಂಬತ್ತು. ಮೂರನೆಯದರ ನಡುವೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದು ಸದ್ದು ನಿಂತಿತು. ನಾಯಿಯೂ ಎದ್ದು ಹೋಯಿತು. ಉಳಿದ ಒಂದೂವರೆ ಚಕ್ರಕ್ಕೆ ಗೌಡರು ಹಳೆಯ ಕಾಲುಪಂಪನ್ನು ತಂದು ಯಾರ ಮುಖವನ್ನೂ ನೋಡದೆ ತುಳಿದರು.

ಸಂಜೆ ಮಗಳು ಟೈಲರ್ ಟೇಪು ಹಿಡಿದು ಜೀಪಿನ ಬಳಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದಳು. ಟೈರನ್ನು ಕತ್ತರಿಸಿ ನೆಟ್ಟಗೆ ಮಾಡಿದರೆ ಅದೊಂದು ಕೊಳವೆ. ಒಳಗಿನ ಅಡ್ಡಳತೆ ಸುಮಾರು 15 ಸೆಂಟಿಮೀಟರ್, ಉದ್ದ ಸುಮಾರು 175. ಗಾತ್ರ 31 ಲೀಟರ್. ಇನ್ನು ಬಾಯ್ಲನ ನಿಯಮ. ರಾಬರ್ಟ್ ಬಾಯ್ಲ್ 1662ರಲ್ಲಿ ಹೇಳಿದ್ದು: ಉಷ್ಣತೆ ಬದಲಾಗದಿದ್ದರೆ ಅನಿಲದ ಒತ್ತಡ ಮತ್ತು ಗಾತ್ರದ ಗುಣಲಬ್ಧ ಬದಲಾಗದು. ಪರೀಕ್ಷೆಗಾಗಿ ಹತ್ತು ಸಲ ಬರೆದಿದ್ದ ನಿಯಮ. ಅವಳು 30ನ್ನು 18ರಿಂದ ಭಾಗಿಸಿ, 31ರಿಂದ ಗುಣಿಸಿ, ಏನೋ ಒಂದು ಉತ್ತರ ತೆಗೆದಳು.

ಮರುದಿನ ಅಪ್ಪನ ಜೊತೆ ಪೇಟೆಗೆ ಹೋದಾಗ ಅದನ್ನು ಸಾಬರಿಗೆ ತೋರಿಸಿದಳು. ಸಾಬರು ಓದಿದ್ದು ಏಳನೇ ಕ್ಲಾಸು. ಹಾಳೆಯನ್ನು ದೂರ ಹಿಡಿದು ನೋಡಿ, "ಇದು ಹದಿನೆಂಟರಿಂದ ಮೂವತ್ತಕ್ಕೆ. ಪೂರ್ತಿ ಇಳಿದ ಟೈರಿಗೆ ಎಷ್ಟು ಬೇಕು ಅಂತ ಹೇಳು ನೋಡೋಣಮ್ಮಾ. ನನ್ನ ಹತ್ರ ಬರೋದು ಅದೇ ತಾನೆ," ಎಂದರು.

ಹುಡುಗಿ ಬರೆದಳು. 30 ಭಾಗಿಸು ಸೊನ್ನೆ. ಪೆನ್ನು ನಿಂತಿತು.

"ಪೂರ್ತಿ ಇಳಿದ ಟೈರಲ್ಲೂ ಗಾಳಿ ಇರುತ್ತಮ್ಮಾ," ಎಂದರು ಸಾಬರು, ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ತಿರುಗಿಸುತ್ತಾ. "ಗೇಜಲ್ಲಿ ಸೊನ್ನೆ ಅಂದ್ರೆ ಒಳಗೆ ಏನೂ ಇಲ್ಲ ಅಂತಲ್ಲ. ಹೊರಗೆ ಇದ್ದಷ್ಟೇ ಒಳಗೂ ಇದೆ ಅಂತ."

ಹುಡುಗಿಗೆ ಅಂದು ಆದದ್ದು ಏನೆಂದು ಅಂಕಪಟ್ಟಿಯಲ್ಲಿ ಬರೆಯುವ ಜಾಗವಿಲ್ಲ. ಕ್ಲಾಸಿನಲ್ಲಿ 'ಗೇಜ್ ಒತ್ತಡ', 'ನಿರಪೇಕ್ಷ ಒತ್ತಡ' ಎಂದು ಎರಡು ವ್ಯಾಖ್ಯೆಗಳನ್ನು ಉರು ಹೊಡೆದಿದ್ದಳು. ಎರಡಂಕದ ಪ್ರಶ್ನೆ ಅದು. ಅದರ ಅರ್ಥ ಪಂಕ್ಚರ್ ಅಂಗಡಿಯ ತೊಟ್ಟಿಯಲ್ಲಿ ಗುಳ್ಳೆಯಾಗಿ ಮೇಲೆ ಬಂತು. ಹೊರಗಿನ ವಾಯುವಿನ ಒತ್ತಡ ಸಮುದ್ರ ಮಟ್ಟದಲ್ಲಿ 14.7 ಪೌಂಡು. ತೋಟ ಇರುವುದು ಸುಮಾರು 950 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ಒತ್ತಡ 13 ಪೌಂಡಿನ ಆಸುಪಾಸು. ಅಂದರೆ ಟೈರಿನೊಳಗೆ ನಿಜವಾಗಿ ಇದ್ದದ್ದು 18 ಅಲ್ಲ, 31. ಬೇಕಾದದ್ದು 30 ಅಲ್ಲ, 43. ಏರಿಸಬೇಕಾದ 12 ಪೌಂಡಿಗೆ ಒಂದು ಟೈರಿಗೆ 28 ಲೀಟರಿನಷ್ಟು ಹೊರಗಿನ ಗಾಳಿ ಬೇಕು. ನಾಲ್ಕಕ್ಕೆ ಸುಮಾರು 115 ಲೀಟರ್.

ಈ ಒಂದು ಅಂಕಿ ಕೈಗೆ ಸಿಕ್ಕಿದ ಮೇಲೆ ಉಳಿದದ್ದೆಲ್ಲ ಸಲೀಸಾಗಿ ಬಿಚ್ಚಿಕೊಂಡಿತು. ಕಾಲುಪಂಪಿನ ಒಂದು ತುಳಿತಕ್ಕೆ ಕಾಲು ಲೀಟರ್ ಗಾಳಿ ಎಂದರೆ ನಾಲ್ಕು ಚಕ್ರಕ್ಕೆ 460 ತುಳಿತ. ಸೋರಿಕೆ, ಆಯಾಸ ಸೇರಿಸಿದರೆ ಇನ್ನೂ ಹೆಚ್ಚು. ಗೌಡರು ಆ ರಾತ್ರಿ ಗಾಳಿ ಇಳಿಸದೆ ಇದ್ದದ್ದು ಏಕೆಂದು ಮಗಳಿಗೆ ಆಗ ಅರ್ಥವಾಯಿತು. ಪೆಟ್ಟಿಗೆಯ ಮೇಲಿನ 150 ಏಕೆ ಮೋಸ ಮಾಡಿತೆಂಬುದೂ ತಿಳಿಯಿತು. 150 ಎಂಬುದು ಯಂತ್ರ ಎಷ್ಟು ಬಲವಾಗಿ ಒತ್ತಬಲ್ಲದೆಂಬ ಮಾತು. ಎಷ್ಟು ಗಾಳಿ ತರಬಲ್ಲದೆಂಬ ಮಾತಲ್ಲ. ಇಂಜೆಕ್ಷನ್ನಿನ ಸಿರಿಂಜಿನಲ್ಲೂ ಜೋರಾಗಿ ನೀರು ಚಿಮ್ಮಿಸಬಹುದು. ಹಾಗೆಂದು ಅದರಲ್ಲಿ ಹಂಡೆ ತುಂಬಿಸಲು ಹೊರಡುವವರಿಲ್ಲ.

ಯಂತ್ರ ಸುಟ್ಟದ್ದಕ್ಕೂ ಕಾರಣವಿತ್ತು. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆದವರ ಕೈಗೆಲ್ಲ ಇದು ಗೊತ್ತು. ಆ ಶಾಖ ಹೊರಹೋಗಲು ಲೋಹದ ಮೈ ಬೇಕು, ಬಿಡುವು ಬೇಕು. ಹತ್ತು ನಿಮಿಷ ಓಡಿಸಿದರೆ ಇಪ್ಪತ್ತು ನಿಮಿಷ ನಿಲ್ಲಿಸಬೇಕೆಂದು ಪೆಟ್ಟಿಗೆಯೊಳಗಿನ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ದೊಡ್ಡದು ಹೊರಗೆ, ಸಣ್ಣದು ಒಳಗೆ. ಇನ್ನು ಸಾಕೆಟ್ಟು: ಅಂಥ ಸಾಕೆಟ್ಟಿನ ಫ್ಯೂಸು ಸಾಮಾನ್ಯವಾಗಿ 10ರಿಂದ 15 ಆಂಪಿಯರಿನದು. 12 ವೋಲ್ಟಿಗೆ ಅದು ಹೆಚ್ಚೆಂದರೆ 180 ವ್ಯಾಟು. ಎಲೆಕ್ಟ್ರಿಷಿಯನ್ ಎಳೆದಿದ್ದ ತೆಳು ವೈರಿನಲ್ಲಿ ಅದರಲ್ಲೂ ಒಂದಿಷ್ಟು ದಾರಿಯಲ್ಲೇ ಶಾಖವಾಗಿ ಕಳೆದುಹೋಗುತ್ತಿತ್ತು. ಎಂಜಿನ್ ಬೇರೆ ಚಾಲೂ ಇರಲಿಲ್ಲ. ಬ್ಯಾಟರಿ ಕುಗ್ಗುತ್ತಾ ಹೋದಂತೆ ಯಂತ್ರವೂ ಕುಗ್ಗಿತು.

ರಜೆ ಮುಗಿಯುವ ಮೊದಲು ಅಪ್ಪ ಮಗಳು ಚಿಕ್ಕಮಗಳೂರಿಗೆ ಹೋದರು. ಗೌಡರು ಜೀಪಿನ ಸ್ಟೆಪ್ನಿಯನ್ನು 18 ಪೌಂಡಿಗೆ ಇಳಿಸಿಕೊಂಡು ಬಂದಿದ್ದರು, ಮಗಳ ಹಠ. ಅಂಗಡಿಯವನು ಮೊದಲು ತೋರಿಸಿದ್ದು ಬ್ಯಾಟರಿ ಒಳಗೇ ಇರುವ ಸಣ್ಣ ಯಂತ್ರ. ಸ್ಕೂಟರಿಗೆ, ಸೈಕಲಿಗೆ ಚೆಂದ. ಆದರೆ ಒಂದೆರಡು ಚಕ್ರಕ್ಕೆ ಅದರ ಚಾರ್ಜು ಮುಗಿಯುತ್ತದೆ, ಮತ್ತು ಚಾರ್ಜು ಮಾಡಲು ಮರೆತ ರಾತ್ರಿಯೇ ಅದು ಬೇಕಾಗುತ್ತದೆ. ಮುಂದೆ ತೋರಿಸಿದ್ದು ಟ್ಯಾಂಕ್ ಇರುವ ಕಂಪ್ರೆಸರ್. "ಟ್ಯಾಂಕ್ ಗಾಳಿ ಕೂಡಿಡುತ್ತೆ ಅಪ್ಪ, ಹುಟ್ಟಿಸಲ್ಲ. ಅಷ್ಟು ಚಿಕ್ಕ ಟ್ಯಾಂಕಿನಿಂದ ನಮಗೇನೂ ಆಗಲ್ಲ," ಎಂದಳು ಮಗಳು. ಅಂಗಡಿಯವನು ಹುಡುಗಿಯನ್ನು ಇನ್ನೊಮ್ಮೆ ನೋಡಿ ಒಳಗಿನಿಂದ ಮೂರನೆಯದನ್ನು ತಂದ.

ಅದರ ಮೈ ಲೋಹದ್ದು. ಸಾಕೆಟ್ಟಿನ ಬದಲು ನೇರ ಬ್ಯಾಟರಿಗೆ ಕಚ್ಚಿಸುವ ಎರಡು ಕ್ಲಿಪ್ಪು, ನಡುವೆ ಫ್ಯೂಸು. ಎಳೆಯುವ ಕರೆಂಟು 30 ಆಂಪಿಯರ್, ಅಂದರೆ 360 ವ್ಯಾಟು, ಸುಮಾರು ಅರ್ಧ ಹಾರ್ಸ್‌ಪವರ್. ಹಿಂದಿನ ಚಕ್ರದವರೆಗೂ ಮುಟ್ಟುವ ಉದ್ದದ ಹೋಸು, ವಾಲ್ವಿಗೆ ತಿರುಪಿ ಕೂರಿಸುವ ಹಿತ್ತಾಳೆಯ ತುದಿ. ಬಿಸಿ ಮಿತಿಮೀರಿದರೆ ತಾನೇ ನಿಲ್ಲುವ ಏರ್ಪಾಡು. ಮೇಲೆ ನಿಮಿಷಕ್ಕೆ 70 ಲೀಟರ್ ಎಂದು ಬರೆದಿತ್ತು.

"ಎಪ್ಪತ್ತು ನಿಜ ಇರಲಿಕ್ಕಿಲ್ಲ," ಎಂದಳು ಮಗಳು. ಅಂಗಡಿಯ ಮುಂದೆಯೇ ಸ್ಟೆಪ್ನಿ ಮಲಗಿಸಿ, ಎಂಜಿನ್ ಚಾಲೂ ಮಾಡಿಸಿ, ಗಡಿಯಾರ ನೋಡುತ್ತಾ ತುಂಬಿಸಿದಳು. ಯಂತ್ರದ ಮೇಲಿನ ಗೇಜು ಗಾಳಿ ಹರಿಯುತ್ತಿರುವಾಗ ಹೆಚ್ಚು ತೋರಿಸುತ್ತದೆ. ಆದ್ದರಿಂದ ನಡುನಡುವೆ ನಿಲ್ಲಿಸಿ, ಸಾಬರಿಂದ ಎರವಲು ತಂದಿದ್ದ ಗೇಜಿನಿಂದ ಅಳೆದಳು. 18ರಿಂದ 30ಕ್ಕೆ ಓಡಿದ ಹೊತ್ತು ಒಟ್ಟು 55 ಸೆಕೆಂಡು. 28 ಲೀಟರಿಗೆ 55 ಸೆಕೆಂಡು ಎಂದರೆ ನಿಮಿಷಕ್ಕೆ ಸುಮಾರು 30 ಲೀಟರ್. ಎದುರಿನಿಂದ ಒತ್ತಡ ಇಲ್ಲದಾಗ ಹೇಳುವ ಲೆಕ್ಕ ಬೇರೆ, ಟೈರು ಎದುರೊತ್ತುವಾಗ ಸಿಗುವ ಫಲ ಬೇರೆ. ಆದರೂ ನಾಲ್ಕು ಚಕ್ರಕ್ಕೆ ನಾಲ್ಕು ನಿಮಿಷ, ಹೋಸು ಬದಲಿಸಲು ಇನ್ನೆರಡು. ಸಾಕು.

ಬೆಲೆ ಮೊದಲಿನದರ ಮೂರು ಪಟ್ಟಿಗಿಂತ ಹೆಚ್ಚಿತ್ತು. ಗೌಡರು ಜೇಬಿಗೆ ಕೈ ಹಾಕಿ ಹಾಗೇ ನಿಂತರು.

"ಅಪ್ಪ," ಎಂದಳು ಮಗಳು, ಅವರ ಮುಖ ನೋಡದೆ ಹೋಸನ್ನು ಸುತ್ತುತ್ತಾ, "ಜನವರಿ ಕೋಚಿಂಗ್ ಬೇಡ. ಆ ದುಡ್ಡಲ್ಲಿ ಇದನ್ನ ತಗೊಳ್ಳಿ, ಉಳಿದದ್ದು ಇಟ್ಟುಕೊಳ್ಳಿ. ನನಗೆ ಡಾಕ್ಟರ್ ಆಗೋದು ಬೇಡ. ನಾನು ಇಂಥದ್ದನ್ನ ಓದ್ತೀನಿ."

ಹಾಗೆ ಹೇಳಲು ಅವಳು ಎಷ್ಟು ದಿನದಿಂದ ಕಾದಿದ್ದಳೋ. ಮನೆಯಲ್ಲಿ ಹೇಳಲಾಗದ್ದನ್ನು ಪರಊರಿನ ಅಂಗಡಿಯ ಮುಂದೆ, ಗುರುತಿಲ್ಲದವರ ನಡುವೆ ಹೇಳಿದಳು. ಗೌಡರು ಕಂಪ್ರೆಸರಿಗೆ ದುಡ್ಡು ಕೊಟ್ಟರು. ಮಗಳಿಗೆ ಮಾತ್ರ "ನೋಡೋಣ" ಎಂದರು. ಮಲೆನಾಡಿನ ಅಪ್ಪಂದಿರ 'ನೋಡೋಣ' ಎಂಬುದಕ್ಕೆ ನಿಘಂಟಿನಲ್ಲಿ ಅರ್ಥ ಸಿಗುವುದಿಲ್ಲ. ಅದು ಆಗಲಿ ಎಂದೂ ಅಲ್ಲ, ಬೇಡ ಎಂದೂ ಅಲ್ಲ. ಮಳೆ ನಿಲ್ಲುವವರೆಗೆ ಜಗಲಿಯಲ್ಲಿ ನಿಂತ ಹಾಗೆ.

ಜನವರಿಯಲ್ಲಿ ಕೋಚಿಂಗ್ ಮಾತು ಬಂತು. ತಾಯಿ "ಅವಳು ಬೇಡ ಅಂದಳಲ್ಲ" ಎಂದರು. ಗೌಡರು ಮತ್ತೆ "ನೋಡೋಣ" ಎಂದು ತೋಟಕ್ಕೆ ಹೋದರು. ಕಾಫಿ ಕುಯ್ಲಿನ ಗಲಾಟೆಯಲ್ಲಿ ಸೇರಿಸುವ ದಿನ ದಾಟಿತು. ಮಾರ್ಚಿನಲ್ಲಿ ಪರೀಕ್ಷೆ ಆಯಿತು. ಫಿಸಿಕ್ಸಿನಲ್ಲಿ 71 ಬಂತು. ಪವಾಡವೇನಲ್ಲ, ಆದರೆ ಮೊದಲ ಸಲ ಉರು ಹೊಡೆಯದೆ ಬಂದ ಅಂಕ ಅದು. ಮೆಡಿಕಲ್ ಪ್ರವೇಶ ಪರೀಕ್ಷೆಯನ್ನೂ ಅಪ್ಪನಿಗಾಗಿ ಬರೆದಳು. ಸೀಟು ಸಿಗುವಷ್ಟು ಬರಲಿಲ್ಲ. ಇನ್ನೊಂದು ವರ್ಷ ಕೂತು ಮತ್ತೆ ಬರೆಯಲಿ ಎಂಬ ಮಾತು ಮನೆಯೊಳಗೆ ಸುಳಿದಾಡುತ್ತಲೇ ಇತ್ತು.

2023ರ ಪುಷ್ಯ ಮಳೆಯೂ ಬಂತು. ಒಂದು ರಾತ್ರಿ ಲೈನ್ ಮನೆಯಿಂದ ಅದೇ ಮನುಷ್ಯ ಟಾರ್ಚು ಹಿಡಿದು ಓಡಿ ಬಂದ. ಹಿಂದಿನ ಮಳೆಗಾಲದಲ್ಲಿ ಹುಟ್ಟಿದ ಮಗುವಿಗೆ ಜ್ವರ ಏರಿ ಕಣ್ಣು ಮೇಲೆ ಹೋಗುತ್ತಿತ್ತು.

ಗೌಡರು ಜೀಪು ಹೊರತೆಗೆಯುವಷ್ಟರಲ್ಲಿ ಮಗಳು ಗೇಜು ಹಿಡಿದು ಚಕ್ರದ ಬಳಿ ಕೂತಿದ್ದಳು. ಗಾಳಿ ಹೊರಹೋಗುವ ಸುಯ್ಯೆನ್ನುವ ಸದ್ದು ಮಳೆಯ ಸದ್ದಿನಲ್ಲಿ ಬೆರೆಯಿತು. ಒಂದು ಕಡೆ ಅವಳು, ಇನ್ನೊಂದು ಕಡೆ ಅವರು. ಎರಡು ನಿಮಿಷದಲ್ಲಿ ನಾಲ್ಕೂ 18. ಫೋರ್‌ವೀಲ್ ಹಾಕಿ, ಲೋ ಗೇರಿನಲ್ಲಿ, ಗೌಡರು ಆಕ್ಸಿಲರೇಟರ್ ಒತ್ತದೆ ಜೀಪನ್ನು ತನ್ನ ಪಾಡಿಗೆ ನಡೆಯಲು ಬಿಟ್ಟರು. ಏರಿನ ಅರ್ಧದಲ್ಲಿ, ಹಿಂದಿನ ವರ್ಷ ನಿಂತ ಜಾಗದಲ್ಲಿ, ಹಿಂಚಕ್ರ ಒಮ್ಮೆ ಜಾರಿತು. ಯಾರೂ ಮಾತಾಡಲಿಲ್ಲ. ಚಕ್ರ ಮತ್ತೆ ನೆಲ ಹಿಡಿಯಿತು. ಜೀಪು ಕಲ್ಲುಗಳ ಮೇಲೆ ಆಮೆಯಂತೆ ಒಂದೊಂದೇ ಕಾಲು ಇಟ್ಟು ಹತ್ತಿತು.

ಡಾಂಬರು ರಸ್ತೆಯಲ್ಲಿ ನಿಲ್ಲಿಸಿದಾಗ ಮಗುವಿನ ತಾಯಿ ಗಾಬರಿಯಾದಳು. "ಆರೇ ನಿಮಿಷ ಅಕ್ಕ," ಎಂದಳು ಹುಡುಗಿ, ಬಾನೆಟ್ಟು ಎತ್ತುತ್ತಾ. ಹದಿನಾಲ್ಕು ಕಿಲೋಮೀಟರ್ ತಿರುವಿನ ರಸ್ತೆಯನ್ನು ಸಡಿಲ ಟೈರಿನಲ್ಲಿ ತೆವಳುವುದಕ್ಕಿಂತ, ಆರು ನಿಮಿಷ ಕೊಟ್ಟು ಸರಿಯಾಗಿ ಓಡುವುದು ಬೇಗ. ಗೌಡರು ಕೊಡೆ ಹಿಡಿದು ನಿಂತರು. ಮಗಳು ಒಂದು ಚಕ್ರದಿಂದ ಇನ್ನೊಂದಕ್ಕೆ ಹೋಸು ಬದಲಿಸುತ್ತಾ ಹೋದಳು. ಆಸ್ಪತ್ರೆ ತಲುಪಿದಾಗ ರಾತ್ರಿ ಹನ್ನೊಂದೂವರೆ. ಜ್ವರಕ್ಕೆ ಬಂದ ಫಿಟ್ಸು, ಇನ್ನು ಭಯವಿಲ್ಲ ಎಂದು ಡಾಕ್ಟರರು ಹೇಳುವಾಗ ಎರಡು ಗಂಟೆ. ಆಕೆ ಚಿಕ್ಕ ವಯಸ್ಸಿನ ಹುಡುಗಿ. ಗೌಡರು ಅವಳನ್ನೂ ನೋಡಿದರು, ಬೆಂಚಿನ ಮೇಲೆ ಕೈಗೆ ಗ್ರೀಸು ಮೆತ್ತಿಕೊಂಡು ತೂಕಡಿಸುತ್ತಿದ್ದ ತಮ್ಮ ಮಗಳನ್ನೂ ನೋಡಿದರು.

ಬೆಳಗಿನ ಜಾವ ಹಿಂದಿರುಗುವಾಗ ಜೀಪಿನಲ್ಲಿ ಇಬ್ಬರೇ. ಮಳೆ ಹನಿಯಾಗಿತ್ತು. ಬಹಳ ಹೊತ್ತಿನ ಮೇಲೆ ಗೌಡರು ಕೇಳಿದರು:

"ಈ ಮೆಕ್ಯಾನಿಕಲ್ ಅನ್ನೋದರಲ್ಲಿ ಹುಡುಗೀರು ಇರ್ತಾರೇನೆ?"

"ಇರ್ತಾರಪ್ಪ. ಕಮ್ಮಿ."

"ಕಮ್ಮಿ ಇದ್ರೆ ಇರಲಿ," ಎಂದರು ಗೌಡರು. ಮಣ್ಣಿನ ದಾರಿ ಶುರುವಾಗುವಲ್ಲಿ ಜೀಪು ನಿಲ್ಲಿಸಿ, ಗೇಜನ್ನು ಮಗಳ ಕೈಗೆ ಕೊಟ್ಟು, ತಾವು ಆಚೆ ಬದಿಯ ಚಕ್ರದ ಕಡೆಗೆ ನಡೆದರು.